ಬಿಡುಗಡೆಯ ಮೊದಲ ತಿಂಗಳ ಲೆಕ್ಕ

ಓದುಗರ ಹಣಕಾಸಿನ ಪ್ರಶ್ನೆಗಳಿಗೆ ಉತ್ತರಿಸುವ ಈ ಅಂಕಣಕ್ಕೆ ಇತ್ತೀಚೆಗೆ ಕಾರಾಗೃಹದಿಂದ ಬಿಡುಗಡೆಯಾಗಲಿರುವವರ, ಬಿಡುಗಡೆಯಾಗಿ ಬಂದವರ ಮತ್ತು ಅವರ ಮನೆಯವರ ಪತ್ರಗಳು ಹೆಚ್ಚಾಗಿ ಬರುತ್ತಿವೆ. ಬ್ಯಾಂಕಿನ ಕೆಲಸದಿಂದ ನಿವೃತ್ತನಾದ ಮೇಲೆ ನಾನು ಸಜಾಬಂದಿಗಳಿಗೆ ಹಣಕಾಸಿನ ತರಗತಿಗಳನ್ನು ನಡೆಸಿದ ಸಂಗತಿಯನ್ನು ಹಿಂದೊಮ್ಮೆ ಇಲ್ಲಿ ಪ್ರಸ್ತಾಪಿಸಿದ್ದು ಇದಕ್ಕೆ ಕಾರಣವಿರಬೇಕು. ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಆ ಪತ್ರಗಳಿಗೇ ಮೀಸಲಿಟ್ಟಿದ್ದೇನೆ. ಬರೆದವರ ಹೆಸರು ಮತ್ತು ಊರುಗಳನ್ನು ಉದ್ದೇಶಪೂರ್ವಕವಾಗಿಯೇ ಬಿಟ್ಟಿದ್ದೇನೆ.

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ನಮ್ಮ ಸೇವಾ ಬಳಗದ ಮೂಲಕ ಕೇಂದ್ರ ಕಾರಾಗೃಹವೊಂದರಲ್ಲಿ, ಮುಂದಿನ ಒಂದು ವರ್ಷದೊಳಗೆ ಬಿಡುಗಡೆಯಾಗುವ ಸಾಧ್ಯತೆಯಿರುವ ಸುಮಾರು ಇಪ್ಪತ್ತು ಮಂದಿಗೆ ಎಂಟು ತರಗತಿಗಳಲ್ಲಿ ಹಣದ ನಿರ್ವಹಣೆ ಕಲಿಸುವ ಅವಕಾಶ ಬಂದಿದೆ. ಉಳಿತಾಯ, ಚಕ್ರಬಡ್ಡಿ, ವಿಮೆ, ಮ್ಯೂಚುವಲ್ ಫಂಡ್ ಎಂದು ಟಿಪ್ಪಣಿ ಸಿದ್ಧಪಡಿಸಿಕೊಂಡಿದ್ದೇನೆ. ಇಷ್ಟು ಸಾಕೇ? ಎಲ್ಲಿಂದ ಆರಂಭಿಸಲಿ?

ಉತ್ತರ: ಅಮ್ಮಾ, ನಿಮ್ಮ ಟಿಪ್ಪಣಿಯನ್ನು ಸದ್ಯಕ್ಕೆ ಮನೆಯಲ್ಲಿಟ್ಟು ಹೋಗಿ ಎಂದು ಹೇಳಿದರೆ ಬೇಸರಪಡಬೇಡಿ. ನಾನೂ ಮೊದಲ ಸಲ ಅಂಥದ್ದೇ ಟಿಪ್ಪಣಿ ಹಿಡಿದು ಹೋಗಿ, ಎದುರಿಗೆ ಕುಳಿತವರ ಮುಖ ನೋಡಿ ಎರಡನೆಯ ತರಗತಿಯಲ್ಲೇ ಅದನ್ನು ಕೈಬಿಟ್ಟವನು. ಹತ್ತು ಹದಿನೈದು ವರ್ಷ ಒಳಗಿದ್ದವರು ಅಷ್ಟೂ ಕಾಲ ಏನು ತಿನ್ನಬೇಕು, ಎಷ್ಟು ಹೊತ್ತಿಗೆ ಮಲಗಬೇಕು, ಯಾವ ಬಟ್ಟೆ ತೊಡಬೇಕು ಎಂಬುದನ್ನು ಬೇರೆಯವರ ತೀರ್ಮಾನದಂತೆ ನಡೆಸಿಕೊಂಡು ಬಂದಿರುತ್ತಾರೆ. ಬಾಡಿಗೆ ಕಟ್ಟಿಲ್ಲ, ತರಕಾರಿಗೆ ಚೌಕಾಸಿ ಮಾಡಿಲ್ಲ, ಸಾಲ ಕೇಳಿದವರಿಗೆ ಇಲ್ಲ ಎಂದಿಲ್ಲ. ನೋಟನ್ನು ಕೈಯಲ್ಲಿ ಹಿಡಿಯುವುದಕ್ಕೂ ಅಲ್ಲಿ ಅವಕಾಶವಿಲ್ಲ. ದುಡಿದ ಕೂಲಿ ಅವರ ಹೆಸರಿನ ಖಾತೆಗೆ ಜಮೆಯಾಗಿ, ಕ್ಯಾಂಟೀನಿನಲ್ಲಿ ತೆಗೆದುಕೊಂಡ ಸೋಪು ಬಿಸ್ಕತ್ತಿನ ಬೆಲೆ ಲೆಕ್ಕದಲ್ಲೇ ಕಳೆಯುತ್ತದೆ. ಹೀಗಾಗಿ ಅವರಿಗೆ ಮೊದಲು ಬೇಕಾಗಿರುವುದು, ಹಣದ ಬಗ್ಗೆ ತಾನೇ ತೀರ್ಮಾನ ಮಾಡಿ, ಆ ತೀರ್ಮಾನದ ಹೊಣೆ ಹೊರುವ ಅಭ್ಯಾಸವನ್ನು ಮರಳಿ ಪಡೆಯುವುದು. ಅದು ಕೈಗೆ ಬಂದ ಮೇಲೆ ಚಕ್ರಬಡ್ಡಿ ಅವರಿಗೆ ತಾನಾಗಿಯೇ ಅರ್ಥವಾಗುತ್ತದೆ.

ಮೊದಲ ತರಗತಿಯನ್ನು ಬೆಲೆಗಳಿಂದ ಆರಂಭಿಸಿ. ನಿಮ್ಮ ಮನೆಯ ಒಂದು ವಾರದ ದಿನಸಿ ಚೀಟಿ, ಬಸ್ ಟಿಕೆಟ್, ಔಷಧಿ ಅಂಗಡಿಯ ಬಿಲ್ಲು ಇವುಗಳನ್ನು ಅಧೀಕ್ಷಕರ ಅನುಮತಿ ಪಡೆದು ತೆಗೆದುಕೊಂಡು ಹೋಗಿ, ಒಂದೊಂದರ ಬೆಲೆಯನ್ನೂ ಅವರಿಂದಲೇ ಊಹಿಸಿ ಹೇಳಿಸಿ. ನಂದಿನಿ ಹಾಲಿನ ನೀಲಿ ಪ್ಯಾಕೆಟ್ಟಿಗೆ, ಸೋನಾ ಮಸೂರಿ ಅಕ್ಕಿಯ ಕಿಲೋಗೆ, ಒಂದು ಕೋಣೆಯ ಬಾಡಿಗೆ ಮತ್ತು ಮುಂಗಡಕ್ಕೆ ಅವರು ಹೇಳುವ ಬೆಲೆ ಬಹುತೇಕ ಅವರು ಒಳಗೆ ಬಂದ ವರ್ಷದ್ದೇ ಆಗಿರುತ್ತದೆ. ಕೂಲಿಯ ಲೆಕ್ಕದಲ್ಲಿ ದೊಡ್ಡದಾಗಿ ಕಾಣುವ ಮೊತ್ತವು ಹೊರಗಿನ ಇಂದಿನ ಬೆಲೆಯ ಮುಂದೆ ಎಷ್ಟು ದಿನ ಬಾಳುತ್ತದೆ ಎಂಬುದು ಆ ಒಂದು ಗಂಟೆಯಲ್ಲಿ ಯಾರೂ ಹೇಳದೆಯೇ ಅವರಿಗೆ ತಿಳಿಯುತ್ತದೆ.

ಎರಡನೆಯದು ನೋಟಿನ ಪಾಠ. 2010ರ ಸುಮಾರಿಗೆ ಒಳಹೋಗಿ, ಕೆಲವು ದಿನ ಮನೆಗೆ ಹೋಗಿಬರುವ ಪೆರೋಲ್ ರಜೆಯೂ ಸಿಗದೆ ಉಳಿದವರನ್ನು ಯೋಚಿಸಿ. 2016ರ ನವೆಂಬರ್ 8ರಂದು ರದ್ದಾದ ಹಳೆಯ ಐನೂರು, ಸಾವಿರದ ನೋಟುಗಳೇ ಅವರ ನೆನಪಿನ ನೋಟುಗಳು. ಎರಡು ಸಾವಿರದ ನೋಟು ಅವರ ಕಣ್ಣಿಗೆ ಬೀಳದೆಯೇ ಬಂದು, 2023ರ ಮೇ ತಿಂಗಳಲ್ಲಿ ಚಲಾವಣೆಯಿಂದ ಹಿಂತೆಗೆದುಕೊಳ್ಳಲ್ಪಟ್ಟಿದೆ. 2017ರಲ್ಲಿ ಬಂದ ಇನ್ನೂರರ ಹಳದಿ ನೋಟು, ತಿಳಿನೇರಳೆಯ ಹೊಸ ನೂರರ ನೋಟು, ಕೆಂಪುಕೋಟೆಯ ಚಿತ್ರವಿರುವ ಬೂದುಬಣ್ಣದ ಐನೂರರ ನೋಟು ಇವುಗಳನ್ನು ರಿಸರ್ವ್ ಬ್ಯಾಂಕಿನ ಚಿತ್ರಫಲಕಗಳ ಸಹಾಯದಿಂದ ತೋರಿಸಿ. ಬಿಡುಗಡೆಯ ದಿನ ಬಸ್ಸಿನಲ್ಲಿ ನಿರ್ವಾಹಕರ ಮುಂದೆ ನೋಟು ಗುರುತಿಸಲಾಗದೆ ತಡವರಿಸುವುದು ಹೊರಗಿನವರಿಗೆ ಸಣ್ಣ ಸಂಗತಿ. ಆ ದಿನ ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಎಂದುಕೊಂಡಿರುವವನಿಗೆ ಅದು ಸಣ್ಣದಲ್ಲ.

ನಾನು ಹೆಚ್ಚು ನೆಚ್ಚಿಕೊಂಡ ಪಾಠ ಹುಣಸೆಬೀಜದ್ದು. ಓದುಬರಹ ಬಾರದವರೂ ತರಗತಿಯಲ್ಲಿ ಇರುವುದರಿಂದ, ಅಳಗುಳಿಮಣೆ ಆಡಿದ ಕೈಗಳಿಗೆ ಪರಿಚಿತವಾದದ್ದನ್ನೇ ಹಿಡಿದೆ. ಪ್ರತಿಯೊಬ್ಬರಿಗೂ 24 ಬೀಜ ಕೊಡಿ. ಒಂದು ಬೀಜಕ್ಕೆ 500 ರೂಪಾಯಿಯಂತೆ ಅದು 12,000 ರೂಪಾಯಿ, ಒಂದು ತಿಂಗಳ ಸಂಪಾದನೆ. ನೆಲದ ಮೇಲೆ ಸೀಮೆಸುಣ್ಣದಿಂದ ಮನೆಗಳನ್ನು ಬರೆದು, ಬಾಡಿಗೆಗೆ ಏಳು, ಊಟಕ್ಕೆ ಎಂಟು, ಓಡಾಟಕ್ಕೆ ಎರಡು, ಫೋನಿಗೆ ಒಂದು, ಊರಿಗೆ ಕಳಿಸಲು ನಾಲ್ಕು ಎಂದು ಹಂಚಿದರೆ ಎರಡು ಬೀಜ ಉಳಿಯುತ್ತವೆ. ಎಲ್ಲರಿಗೂ ಸಮಾಧಾನವಾಗುತ್ತದೆ. ಆಗ ನೀವು ಒಂದು ಸಂಗತಿಯನ್ನು ಹೇಳಬೇಕು: ಎರಡನೆಯ ವಾರ ಜ್ವರ ಬಂತು, ಮೂರು ದಿನ ಕೆಲಸಕ್ಕೆ ಹೋಗಲಾಗಲಿಲ್ಲ, ಮೂರು ಬೀಜ ಹಿಂದಕ್ಕೆ ಕೊಡಿ. ಉಳಿದಿರುವುದು ಎರಡೇ ಆದ್ದರಿಂದ ಇನ್ನೊಂದನ್ನು ಯಾವ ಮನೆಯಿಂದ ತೆಗೆಯುತ್ತೀರಿ ಎಂದು ಕೇಳಿ. ನಾನು ಕೇಳಿದಾಗ ಹೆಚ್ಚಿನವರು ಊಟದ ಮನೆಗೆ ಕೈ ಹಾಕಿದರು; ಊರಿಗೆ ಕಳಿಸುವ ಮನೆಯನ್ನು ಒಬ್ಬರೂ ಮುಟ್ಟಲಿಲ್ಲ. ಅವರ ಮನಸ್ಸಿನಲ್ಲಿ ಯಾವ ಋಣ ಎಷ್ಟು ಭಾರವಾಗಿ ಕುಳಿತಿದೆ ಎಂಬುದು ಅಂದು ನನಗೆ ತಿಳಿಯಿತು. ಅರೆಹೊಟ್ಟೆಯಲ್ಲಿದ್ದು ಮನೆಗೆ ಹಣ ಕಳಿಸಿದವನು ಎಷ್ಟು ತಿಂಗಳು ದುಡಿಯಬಲ್ಲ ಎಂಬ ಚರ್ಚೆ ಅಲ್ಲಿಂದಲೇ ಹುಟ್ಟಿ, ಎರಡು ತರಗತಿಗಳ ಕಾಲ ನಡೆಯಿತು. ಅದನ್ನು ನಾನು ನಡೆಸಲಿಲ್ಲ. ಒಳಗೆ ಬರುವ ಮುನ್ನ ಆಟೋ ಓಡಿಸುತ್ತಿದ್ದ, ದಿನಸಿ ಅಂಗಡಿ ಇಟ್ಟಿದ್ದ ಮಂದಿಯೇ ನಡೆಸಿದರು. ಅಂಥವರು ನಿಮ್ಮ ತರಗತಿಯಲ್ಲೂ ಇರುತ್ತಾರೆ. ಅವರಿಗೆ ಮಾತು ಬಿಟ್ಟುಕೊಡಿ.

ಮೋಸಗಳ ಬಗ್ಗೆ ಒಂದು ತರಗತಿಯನ್ನು ಪೂರ್ತಿ ಇಡಿ. ಯುಪಿಐ ಅಂಗಡಿ ಅಂಗಡಿಗೂ ಹರಡಿದ್ದು 2016ರ ನಂತರ. ಪಿನ್ ಒತ್ತಿದರೆ ಹಣ ಹೋಗುತ್ತದೆ, ಹಣ ಪಡೆಯುವುದಕ್ಕೆ ಪಿನ್ ಎಂದೂ ಬೇಕಿಲ್ಲ ಎಂಬ ಒಂದು ಮಾತನ್ನು ಎಲ್ಲರ ಬಾಯಲ್ಲೂ ಹೇಳಿಸಿ. ಬಿಡುಗಡೆಯಾದವರಿಗೇ ವಿಶೇಷವಾಗಿ ಕಾದಿರುವ ಅಪಾಯಗಳು ಬೇರೆಯೇ ಇವೆ. ‘ನಿನ್ನ ಮೇಲೆ ಇನ್ನೊಂದು ಕೇಸಿದೆ, ಈಗಲೇ ಹಣ ಹಾಕದಿದ್ದರೆ ಬಂಧಿಸುತ್ತೇವೆ’ ಎಂಬ ಕರೆಗೆ ನಾವು ನೀವು ಅಷ್ಟು ಬೇಗ ಅಂಜಲಾರೆವು. ಒಮ್ಮೆ ಒಳಗೆ ಹೋಗಿಬಂದವನ ಎದೆ ನಡುಗುತ್ತದೆ. ಫೋನಿನಲ್ಲೇ ಬಂಧಿಸಿದ್ದೇವೆ ಎಂದು ಹೆದರಿಸುವ ‘ಡಿಜಿಟಲ್ ಅರೆಸ್ಟ್’ ಎಂಬುದು ಯಾವ ಕಾನೂನಿನಲ್ಲೂ ಇಲ್ಲ, ಹಣ ಹೋದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು ಎಂಬುದನ್ನು ತಿಳಿಸಿ. ಇನ್ನೊಂದು, ‘ನಿನ್ನ ಬ್ಯಾಂಕ್ ಖಾತೆ ಮತ್ತು ಎಟಿಎಂ ಕಾರ್ಡ್ ನಮಗೆ ಕೊಡು, ತಿಂಗಳಿಗೆ ಇಷ್ಟು ಕೊಡುತ್ತೇವೆ’ ಎಂದು ಬರುವವರು. ವಂಚನೆಯ ಹಣ ಆ ಖಾತೆಯ ಮೂಲಕ ಸಾಗಿದರೆ ಪೊಲೀಸರು ಮೊದಲು ಬರುವುದು ಖಾತೆದಾರನ ಮನೆಗೆ. ಷರತ್ತಿನ ಮೇಲೆ ಹೊರಬಂದವನಿಗೆ ಅದು ಮತ್ತೆ ಜೈಲಿನ ದಾರಿ. ಒಳಗಿನ ಗೆಳೆತನದ ನೆನಪಿನಲ್ಲಿ ಇನ್ನೊಬ್ಬರಿಗೆ ಸಾಲದ ಜಾಮೀನು ನಿಲ್ಲುವುದರ ಬಗ್ಗೆಯೂ ಇಷ್ಟೇ ಸ್ಪಷ್ಟವಾಗಿ ಎಚ್ಚರಿಸಬೇಕು.

ತರಗತಿಯ ಹೊರಗೆ ಅಭ್ಯಾಸಕ್ಕೆ ಒಳಗೇ ಅವಕಾಶವಿದೆ. ಕ್ಯಾಂಟೀನಿನಲ್ಲಿ ಪ್ರತಿ ವಾರ ಮಾಡಿದ ಖರ್ಚನ್ನು ಒಂದು ಸಣ್ಣ ಪುಸ್ತಕದಲ್ಲಿ ಬರೆಯಲು, ತಮ್ಮ ಕೂಲಿ ಖಾತೆಯ ಲೆಕ್ಕವನ್ನು ತಿಂಗಳಿಗೊಮ್ಮೆ ಕೇಳಿ ಪಡೆದು ತಾಳೆ ನೋಡಲು ಹೇಳಿಕೊಡಿ. ಪೆರೋಲ್ ಮೇಲೆ ಹೋಗುವವರು ಅಷ್ಟೂ ದಿನಗಳ ಖರ್ಚು ಬರೆದು ತಂದರೆ ಅದಕ್ಕಿಂತ ಒಳ್ಳೆಯ ಪಾಠಪುಸ್ತಕ ನಿಮಗೆ ಸಿಗಲಾರದು. ಬಿಡುಗಡೆಯ ದಿನ ಗೊತ್ತಾದ ಮೇಲೆ ಕಲಿಸೋಣ ಎಂದು ಮಾತ್ರ ಕಾಯಬೇಡಿ. ಸನ್ನಡತೆಯ ಆಧಾರದ ಬಿಡುಗಡೆಯಲ್ಲಿ ಪಟ್ಟಿ ಸರ್ಕಾರಕ್ಕೆ ಹೋಗಿ ತಿಂಗಳುಗಟ್ಟಲೆ ಸುದ್ದಿಯಿಲ್ಲದೆ, ಒಂದು ದಿನ ಹಠಾತ್ತನೆ ಆದೇಶ ಬರುತ್ತದೆ. ನಮ್ಮ ಜೈಲುಗಳಲ್ಲಿರುವ ಬಹುಪಾಲು ಮಂದಿ ವಿಚಾರಣಾಧೀನ ಬಂದಿಗಳು. ಅವರು ಜಾಮೀನಿನ ಮೇಲೆ ಯಾವ ಸಂಜೆ ಬೇಕಾದರೂ ಹೊರಟುಬಿಡಬಹುದು. ಅವರಿಗಾಗಿ ಎಂಟು ತರಗತಿಯ ಬದಲು ಒಂದೇ ಗಂಟೆಯ ಪಾಠವೊಂದನ್ನು, ಬೆಲೆ, ಪಿನ್ ಮತ್ತು ದಾಖಲೆ ಇಷ್ಟನ್ನೇ ಹೇಳುವಂಥದ್ದನ್ನು, ಬೇರೆಯಾಗಿ ಸಿದ್ಧಪಡಿಸಿಕೊಳ್ಳಿ.

ಯಾರ ಅಪರಾಧವನ್ನೂ ಕೇಳಬೇಡಿ. ‘ಮೊದಲೇ ಉಳಿಸಲು ಕಲಿತಿದ್ದರೆ ಇಲ್ಲಿಗೆ ಬರುತ್ತಿರಲಿಲ್ಲ’ ಎಂಬ ಅರ್ಥ ಬರುವ ಒಂದು ಮಾತು ಆಡಿದರೂ ಆ ಕೋಣೆಯ ಬಾಗಿಲು ನಿಮಗೆ ಮುಚ್ಚಿದಂತೆ.

ಪ್ರಶ್ನೆ: ನನ್ನ ಅಣ್ಣ ಹದಿನೈದು ವರ್ಷಗಳ ನಂತರ ಮನೆಗೆ ಬರುತ್ತಿದ್ದಾನೆ. ಅವನ ಕೂಲಿಯ ಹಣ 2,80,000 ರೂಪಾಯಿ ಖಾತೆಯಲ್ಲಿದೆ. ಅವನು ಬರುವ ಮೊದಲೇ ಆ ಹಣಕ್ಕೆ ಹಕ್ಕುದಾರರು ಹುಟ್ಟಿಕೊಂಡಿದ್ದಾರೆ. ವಕೀಲರ ಫೀಸು ಕೊಟ್ಟಿದ್ದೇನೆಂದು ದೊಡ್ಡಪ್ಪನ ಮಗ, ಅಮ್ಮನ ಆಸ್ಪತ್ರೆ ಖರ್ಚು ನೋಡಿಕೊಂಡೆನೆಂದು ಸೋದರಮಾವ ಕೇಳುತ್ತಿದ್ದಾರೆ. ಮನೆದೇವರಿಗೆ ಹರಕೆ ಇದೆ, ಊರಿಗೆ ಊಟ ಹಾಕಿಸಬೇಕು ಎಂಬ ಮಾತೂ ಇದೆ. ಹಣವನ್ನು ನನ್ನ ಹೆಸರಿಗೆ ಹಾಕಿಸಿಕೊಂಡು ಕಾಪಾಡಲೇ?

ಉತ್ತರ: ತಂಗಿಯಾಗಿ ನಿಮಗಿರುವ ಕಾಳಜಿ ಅರ್ಥವಾಗುತ್ತದೆ. ಆದರೂ ಹಣವನ್ನು ನಿಮ್ಮ ಹೆಸರಿಗೆ ಹಾಕಿಸಿಕೊಳ್ಳಬೇಡಿ. ಹದಿನೈದು ವರ್ಷ ಬೇರೆಯವರ ತೀರ್ಮಾನದಲ್ಲಿ ಬದುಕಿದ ಮನುಷ್ಯ ಹೊರಗೆ ಬಂದ ಮೇಲೂ ನೂರು ರೂಪಾಯಿಗೆ ತಂಗಿಯನ್ನು ಕೇಳಬೇಕಾದರೆ, ಅವನ ಪಾಲಿಗೆ ಬಿಡುಗಡೆ ಅರ್ಧವೇ ಆಯಿತು. ನಾಳೆ ಹಕ್ಕುದಾರರ ಸಿಟ್ಟೂ ಅವನನ್ನು ಬಿಟ್ಟು ನಿಮ್ಮ ಕಡೆಗೆ ತಿರುಗುತ್ತದೆ. ಹಣ ಅವನ ಹೆಸರಿನಲ್ಲೇ, ಎಟಿಎಂ ಕಾರ್ಡ್ ಮತ್ತು ಪಿನ್ ಅವನ ಬಳಿಯೇ ಇರಲಿ. ಬ್ಯಾಂಕಿಗೆ ಹೋಗುವಾಗ ಜೊತೆಗೆ ಹೋಗಿ, ಅವನು ಕೇಳಿದರೆ ಅರ್ಜಿ ತುಂಬಲು ನೆರವಾಗಿ, ನಾಮನಿರ್ದೇಶನ ಮಾಡಿಸಿ.

ಹಣವನ್ನು ಸುಲಭವಾಗಿ ಕೈಗೆ ಸಿಗದಂತೆ ಮಾಡುವ ದಾರಿ ಬೇರೆ ಇದೆ. ಬಂದ ವಾರದೊಳಗೆ, ಯಾರಿಗೂ ಒಂದು ರೂಪಾಯಿ ಕೊಡುವ ಮೊದಲು, 60,000 ರೂಪಾಯಿಯ ಮೂರು ನಿಶ್ಚಿತ ಠೇವಣಿಗಳನ್ನು ಆರು ತಿಂಗಳು, ಒಂದು ವರ್ಷ, ಒಂದೂವರೆ ವರ್ಷದ ಅವಧಿಗೆ ಮಾಡಿಸಲಿ. ಒಟ್ಟು 1,80,000 ರೂಪಾಯಿಯನ್ನು ಒಂದೇ ಠೇವಣಿಯಲ್ಲಿಟ್ಟರೆ ಹತ್ತು ಸಾವಿರದ ತುರ್ತಿಗೂ ಪೂರ್ತಿ ಠೇವಣಿಯನ್ನೇ ಮುರಿಯುವ ಪ್ರಸಂಗ ಬರಬಹುದು. ಮೂರಾಗಿದ್ದರೆ ಒಂದನ್ನು ಮುರಿದರೆ ಸಾಕು. ಉಳಿದ ಒಂದು ಲಕ್ಷದಲ್ಲಿ 40,000 ರೂಪಾಯಿ ಮೊದಲ ಮೂರು ತಿಂಗಳ ಊಟ, ಬಟ್ಟೆ, ಫೋನು, ದಾಖಲೆ, ವೈದ್ಯರ ಖರ್ಚಿಗಿರಲಿ. ಹಲ್ಲು ಮತ್ತು ಕಣ್ಣಿನ ಚಿಕಿತ್ಸೆಯನ್ನು ಮುಂದೂಡಿಕೊಂಡು ಬಂದವರೇ ಹೆಚ್ಚು; ಅದಕ್ಕೆ ಜಿಪುಣತನ ಮಾಡದಿರಲಿ. ಇನ್ನುಳಿದ 60,000 ರೂಪಾಯಿಯನ್ನು ಮೂರು ತಿಂಗಳು ಮುಟ್ಟದೆ, ಕೆಲಸದ ದಾರಿ ಗೊತ್ತಾದ ಮೇಲೆ ಉಪಕರಣಕ್ಕೋ ಕೋಣೆಯ ಮುಂಗಡಕ್ಕೋ ಬಳಸಲಿ. ಊರಿನ ಚೀಟಿ ವ್ಯವಹಾರಕ್ಕೆ ಸೇರಿಸಲು ಬರುವವರಿಗೆ ಮೊದಲ ವರ್ಷ ಬೇಡ ಎನ್ನುವುದೇ ಕ್ಷೇಮ.

ಈಗ ಹಕ್ಕುದಾರರ ವಿಷಯ. ಅವರು ಕೇಳುತ್ತಿರುವುದು ಪೂರ್ತಿ ಅನ್ಯಾಯವೆಂದು ನಾನು ಹೇಳಲಾರೆ. ಜೈಲಿಗೆ ಹೋದವನ ಮನೆಯ ಭಾರವನ್ನು ಯಾರೋ ಹೊತ್ತಿರುತ್ತಾರೆ, ಹೊತ್ತವರಿಗೂ ಕಷ್ಟಗಳಿರುತ್ತವೆ. ಆದುದರಿಂದ ಇಲ್ಲ ಎನ್ನುವ ಬದಲು, ಒಂದು ನೋಟುಪುಸ್ತಕ ತೆರೆದು ಯಾರು, ಯಾವ ವರ್ಷ, ಯಾವುದಕ್ಕೆ, ಎಷ್ಟು ಕೊಟ್ಟರು ಎಂಬುದನ್ನು ಅವರ ಎದುರಿನಲ್ಲೇ ನಿಮ್ಮಣ್ಣ ತನ್ನ ಕೈಯಾರೆ ಬರೆದುಕೊಳ್ಳಲಿ. ‘ಮಾವ, ಇದನ್ನು ಬರೆದಿಟ್ಟುಕೊಂಡಿದ್ದೇನೆ, ಮೂರು ತಿಂಗಳು ಸಮಯ ಕೊಡಿ, ದುಡಿಮೆ ಶುರುವಾದ ಮೇಲೆ ಕಂತಿನಲ್ಲಿ ಕೊಡುತ್ತೇನೆ’ ಎಂಬ ಮಾತನ್ನು ಎಲ್ಲರಿಗೂ ಒಂದೇ ರೀತಿಯಲ್ಲಿ ಹೇಳಲಿ. ಒಬ್ಬರಿಗೆ ಮೊದಲು ಕೊಟ್ಟು ಇನ್ನೊಬ್ಬರನ್ನು ಕಾಯಿಸಿದರೆ ಆ ದಿನವೇ ಜಗಳ ಹುಟ್ಟುತ್ತದೆ. ಈ ಮಾತನ್ನು ಅವನು ಹೊರಬರುವ ಮೊದಲೇ, ಜೈಲಿನಲ್ಲಿ ಅವನನ್ನು ಕಾಣಲು ಹೋಗುವ ಮುಂದಿನ ಸಂದರ್ಶನದಲ್ಲಿ ನೀವು ಅವನೊಡನೆ ಆಡಿ, ಬಾಯಿಪಾಠದಂತೆ ಅಭ್ಯಾಸ ಮಾಡಿಸಿ. ತರಗತಿಗಳಲ್ಲಿ ನಾವು ಇದನ್ನು ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ ಆಡಿಸುತ್ತಿದ್ದೆವು. ಸಾಲ ಕೇಳುವ ಪಾತ್ರ ಎಲ್ಲರಿಗೂ ಚೆನ್ನಾಗಿ ಬರುತ್ತಿತ್ತು, ತಡೆದು ಮಾತನಾಡುವ ಪಾತ್ರಕ್ಕೆ ಬಂದಾಗ ಗಟ್ಟಿ ಮನುಷ್ಯರೂ ತಲೆತಗ್ಗಿಸುತ್ತಿದ್ದರು.

ಹರಕೆಯನ್ನು ತೀರಿಸಲಿ. ಹದಿನೈದು ವರ್ಷ ಒಂದು ನಂಬಿಕೆ ಅವನನ್ನು ಹಿಡಿದು ನಿಲ್ಲಿಸಿದ್ದರೆ ಅದಕ್ಕೆ ಖರ್ಚು ಮಾಡುವುದು ದುಂದುವೆಚ್ಚವಲ್ಲ. ಮೊತ್ತವನ್ನು ಮಾತ್ರ ಮೊದಲೇ ನಿಗದಿ ಮಾಡಿ, ಆ 40,000 ರೂಪಾಯಿಯೊಳಗೇ ತೀರಿಸಲಿ. ಊರ ಊಟ ಒಂದು ವರ್ಷ ಕಾಯಬಹುದು.

ಪ್ರಶ್ನೆ: ಕರ್ನಾಟಕದಲ್ಲಿ ಸಜಾಬಂದಿಗಳ ದಿನಗೂಲಿ ಈಗ ಐನೂರು ರೂಪಾಯಿ ದಾಟಿದೆ ಎಂದು ಓದಿದೆ. ನನ್ನ ತಮ್ಮನನ್ನು ಕೊಂದವನೂ ಹೀಗೆಯೇ ಸಂಪಾದಿಸುತ್ತಿದ್ದಾನೆ. ಅವನಿಗೆ ಹಣ ಉಳಿಸುವುದನ್ನು ಕಲಿಸಲು ನಿಮ್ಮಂಥವರಿದ್ದೀರಿ. ನಮ್ಮ ಮನೆಗೆ ಯಾರು ಬಂದರು?

ಉತ್ತರ: ನಿಮ್ಮ ಪತ್ರವನ್ನು ಹಲವು ಸಲ ಓದಿದೆ. ನಿಮ್ಮ ಪ್ರಶ್ನೆಯಲ್ಲಿ ತಪ್ಪಿಲ್ಲ, ಅದರ ನೋವನ್ನು ಲೆಕ್ಕಾಚಾರದಿಂದ ತಣಿಸಲು ನಾನು ಯತ್ನಿಸುವುದಿಲ್ಲ. ನಿಮಗೆ ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ಮಾತ್ರ ಹೇಳುತ್ತೇನೆ. ಕಠಿಣ ಶಿಕ್ಷೆಗೆ ಒಳಗಾದವರ ದುಡಿಮೆಗೆ ನ್ಯಾಯಯುತ ಕೂಲಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 1998ರಲ್ಲಿ ಗುಜರಾತ್ ರಾಜ್ಯದ ಪ್ರಕರಣದಲ್ಲಿ ತೀರ್ಪು ನೀಡಿದಾಗಲೇ, ಆ ಕೂಲಿಯ ಒಂದು ಭಾಗವನ್ನು ಅಪರಾಧದಿಂದ ನೊಂದವರ ಪರಿಹಾರಕ್ಕೆ ಬಳಸಲು ರಾಜ್ಯಗಳು ಕಾನೂನು ಮಾಡಿಕೊಳ್ಳಬೇಕೆಂದೂ ಹೇಳಿತು. ಇದಲ್ಲದೆ ಸಂತ್ರಸ್ತರ ಪರಿಹಾರ ಯೋಜನೆಯಡಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸುವ ಹಕ್ಕು ಕುಟುಂಬಗಳಿಗಿದೆ. ನಿಮ್ಮ ಮನೆಯವರು ಅದನ್ನು ಸಲ್ಲಿಸಿರದಿದ್ದರೆ ಈ ವಾರವೇ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಆ ಕಚೇರಿಗೆ ಹೋಗಿ, ತೀರ್ಪಿನ ಪ್ರತಿಯೊಂದಿಗೆ ವಿಚಾರಿಸಿ. ನಿಮ್ಮ ಪ್ರಕರಣಕ್ಕೆ ಯಾವ ಅವಕಾಶವಿದೆ ಎಂಬುದನ್ನು ಅವರು ಶುಲ್ಕವಿಲ್ಲದೆ ತಿಳಿಸುತ್ತಾರೆ. ಅವರ ಸಹಾಯವಾಣಿ 15100.

ನಾನು ಕಲಿಸಲು ಹೋಗುವುದು ಏಕೆ ಎಂಬುದಕ್ಕೂ ಉತ್ತರ ಕೊಡಬೇಕು. ಜೀವಾವಧಿ ಶಿಕ್ಷೆಯಾದವರಲ್ಲೂ ಹಲವರು ಒಂದಲ್ಲ ಒಂದು ದಿನ ಹೊರಬರುತ್ತಾರೆ. ಕೈಯಲ್ಲಿ ಹಣವಿಲ್ಲದೆ, ಇದ್ದ ಹಣವನ್ನು ಎರಡೇ ತಿಂಗಳಲ್ಲಿ ಕಳೆದುಕೊಂಡು, ಹಳೆಯ ಸಹವಾಸಕ್ಕೆ ಮರಳಿದವನಿಂದ ತೊಂದರೆಯಾಗುವುದು ಇನ್ನೊಂದು ಮನೆಗೆ. ಅದನ್ನು ತಪ್ಪಿಸಬೇಕು ಎಂಬ ಆಸೆ ನನ್ನದು. ತರಗತಿಯಲ್ಲಿ ಒಬ್ಬರು, ತಾನು ಕೊಂದವನ ಮನೆಗೆ ಹಣ ಕಳಿಸಬಹುದೇ ಎಂದು ಕೇಳಿದ್ದುಂಟು. ನೇರವಾಗಿ ಕಳಿಸಬೇಡಿ, ಆ ಮನೆಯವರ ನೆಮ್ಮದಿಯನ್ನು ನಿಮ್ಮ ಸಮಾಧಾನಕ್ಕಾಗಿ ಕಲಕುವ ಹಕ್ಕು ನಿಮಗಿಲ್ಲ, ಪ್ರಾಧಿಕಾರದ ಮೂಲಕ ವಿಚಾರಿಸಿ ಎಂದೇ ಹೇಳಿದೆ.

ಪ್ರಶ್ನೆ: ಆರು ವರ್ಷ ಒಳಗಿದ್ದು ಮೂರು ತಿಂಗಳ ಹಿಂದೆ ಬಂದಿದ್ದೇನೆ. ಹಳೆಯ ಬ್ಯಾಂಕ್ ಖಾತೆ ನಿಂತುಹೋಗಿದೆ. ಅದಕ್ಕೆ ಜೋಡಿಸಿದ್ದ ಮೊಬೈಲ್ ಸಂಖ್ಯೆ ಈಗ ಬೇರೆ ಯಾರ ಬಳಿಯೋ ಇದೆ. ಬ್ಯಾಂಕಿನಲ್ಲಿ ಎಲ್ಲರ ಮುಂದೆ ‘ಇಷ್ಟು ವರ್ಷ ಎಲ್ಲಿದ್ದಿರಿ’ ಎಂದು ಕೇಳಿದರು. ಮತ್ತೆ ಹೋಗಲು ಮನಸ್ಸಾಗುತ್ತಿಲ್ಲ. ಗೃಹಲಕ್ಷ್ಮಿ ಹಣಕ್ಕೂ ಇದೇ ತೊಡಕು.

ಉತ್ತರ: ಆ ಪ್ರಶ್ನೆಗೆ ಉತ್ತರ ಕೊಡುವ ಬಾಧ್ಯತೆ ನಿಮಗಿಲ್ಲ. ‘ಖಾತೆ ಬಹಳ ಕಾಲ ಬಳಸಿಲ್ಲ, ವಿಳಾಸ ಮತ್ತು ಮೊಬೈಲ್ ಬದಲಾಗಿದೆ, ಮತ್ತೆ ಚಾಲನೆಗೆ ತರಬೇಕು’ ಎಂದು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ ಕೊಟ್ಟು, ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಿ. ಎರಡು ವರ್ಷ ವ್ಯವಹಾರವಿಲ್ಲದ ಖಾತೆಯನ್ನು ನಿಷ್ಕ್ರಿಯವೆಂದು ಗುರುತಿಸುತ್ತಾರೆ. ಅದರಲ್ಲಿದ್ದ ಹಣ ನಿಮ್ಮದೇ. ಹತ್ತು ವರ್ಷ ದಾಟಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋದ ಹಣವನ್ನೂ ಬ್ಯಾಂಕಿನ ಮೂಲಕವೇ ಮರಳಿ ಕೇಳಬಹುದು, ನಿಮ್ಮದಂತೂ ಅಷ್ಟು ದೂರ ಹೋಗಿಲ್ಲ. 2024ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ನಿಷ್ಕ್ರಿಯ ಖಾತೆಯನ್ನು ಚಾಲನೆಗೆ ತರಲು ಬ್ಯಾಂಕುಗಳು ಶುಲ್ಕ ಕೇಳುವಂತಿಲ್ಲ, ಅಂಥ ಖಾತೆಯಲ್ಲಿ ಕನಿಷ್ಠ ಮೊತ್ತವಿಲ್ಲವೆಂದು ದಂಡ ಹಾಕುವಂತೆಯೂ ಇಲ್ಲ. ಬರೆದುಕೊಟ್ಟು ಮೂವತ್ತು ದಿನಗಳಲ್ಲಿ ಕೆಲಸ ಆಗದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಅಧಿಕಾರಿಯಾದ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಅದಕ್ಕೂ ಶುಲ್ಕವಿಲ್ಲ. ಮಾಹಿತಿಗೆ 14448ಕ್ಕೆ ಕರೆ ಮಾಡಿ.

ಕೆಲಸಗಳ ಸರದಿ ತಪ್ಪಿದರೆ ಓಡಾಟ ಇಮ್ಮಡಿಯಾಗುತ್ತದೆ. ಮೊದಲು ನಿಮ್ಮ ಹೆಸರಿನಲ್ಲೇ ಹೊಸ ಸಿಮ್ ಪಡೆಯಿರಿ. ಎರಡನೆಯದಾಗಿ ಆಧಾರ್ ಕೇಂದ್ರಕ್ಕೆ ಖುದ್ದಾಗಿ ಹೋಗಿ, ಬೆರಳಚ್ಚು ಕೊಟ್ಟು ಹೊಸ ಸಂಖ್ಯೆಯನ್ನು ಸೇರಿಸಿ. ಇದಕ್ಕೆ ಹಳೆಯ ಸಂಖ್ಯೆ ಬೇಕಿಲ್ಲ. ಅನಂತರ ಬ್ಯಾಂಕಿಗೆ ಹೋಗಿ, ಸಂಖ್ಯೆ ಬದಲಿಸಿ, ಆಧಾರ್ ಜೋಡಣೆ ಯಾವ ಖಾತೆಗಿದೆ ಎಂದು ಕೇಳಿ. ಸರ್ಕಾರದ ನೇರ ವರ್ಗಾವಣೆಯ ಹಣ ಆ ಜೋಡಣೆಯನ್ನು ಹಿಡಿದೇ ಬರುತ್ತದೆ. ಗೃಹಲಕ್ಷ್ಮಿಯ 2,000 ರೂಪಾಯಿಗೆ ಪಡಿತರ ಚೀಟಿಯಲ್ಲಿ ನೀವು ಮನೆಯ ಯಜಮಾನಿ ಎಂದು ನಮೂದಾಗಿರಬೇಕು. ನೀವಿಲ್ಲದಾಗ ನಿಮ್ಮ ಹೆಸರನ್ನು ತೆಗೆಸಿದ್ದರೆ ಆಹಾರ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ಅದನ್ನು ಮೊದಲು ಸರಿಪಡಿಸಿಕೊಳ್ಳಬೇಕು. ಹಳೆಯ ಸಂಖ್ಯೆ ಈಗ ಬೇರೆಯವರ ಕೈಯಲ್ಲಿರುವುದರಿಂದ ಬ್ಯಾಂಕಿನ ಸಂದೇಶಗಳು, ಓಟಿಪಿಗಳು ಅವರಿಗೆ ಹೋಗುತ್ತಿರಬಹುದು ಎಂಬ ಕಾರಣಕ್ಕಾದರೂ ಈ ಕೆಲಸವನ್ನು ಮುಂದೂಡಬೇಡಿ. ನಿಮ್ಮೊಡನೆ ಇದ್ದು ಇನ್ನೂ ಒಳಗಿರುವವರಿಗೆ ಪತ್ರ ಬರೆಯುವುದಿದ್ದರೆ ಒಂದು ಮಾತು ತಿಳಿಸಿ: ದಾಖಲೆಗಳಿಲ್ಲದವರೂ ಕಾರಾಗೃಹದ ಅಧಿಕಾರಿಯ ಎದುರಿನಲ್ಲಿ ಸಹಿ ಅಥವಾ ಹೆಬ್ಬೆಟ್ಟು ಹಾಕಿ, ಅವರ ದೃಢೀಕರಣದೊಂದಿಗೆ ‘ಸಣ್ಣ ಖಾತೆ’ ತೆರೆಯಲು ರಿಸರ್ವ್ ಬ್ಯಾಂಕಿನ ನಿಯಮದಲ್ಲಿಯೇ ಅವಕಾಶವಿದೆ. ಒಳಗಿರುವಾಗಲೇ ಅದನ್ನು ಮಾಡಿಸಿಕೊಂಡರೆ ನೀವು ಪಟ್ಟ ಪಾಡಿನಲ್ಲಿ ಬಹಳಷ್ಟು ಅವರಿಗೆ ತಪ್ಪುತ್ತದೆ.

ಪ್ರಶ್ನೆ: ಜೈಲಿನ ಬೇಕರಿಯಲ್ಲಿ ಕೆಲಸ ಕಲಿತಿದ್ದೇನೆ. ಇನ್ನೆಂಟು ತಿಂಗಳಿಗೆ ಬಿಡುಗಡೆ. ಹೊರಬಂದ ಕೂಡಲೇ ಸಾಲ ಮಾಡಿ ಸ್ವಂತ ಬೇಕರಿ ಇಡಬೇಕೆಂದಿದ್ದೇನೆ. ಹೆಂಡತಿ ಈಗಾಗಲೇ ಎರಡು ಸಂಘಗಳಲ್ಲಿ ಸಾಲ ಪಡೆದಿದ್ದಾಳೆ. ಬ್ಯಾಂಕಿನವರು ನನ್ನಂಥವನಿಗೆ ಸಾಲ ಕೊಡುತ್ತಾರೆಯೇ?

ಉತ್ತರ: ಶಿಕ್ಷೆ ಅನುಭವಿಸಿದ್ದಾನೆ ಎಂಬ ಒಂದೇ ಕಾರಣಕ್ಕೆ ಸಾಲ ಕೊಡಬಾರದೆಂಬ ಕಾನೂನಿಲ್ಲ. ಮಹಾರಾಷ್ಟ್ರದಲ್ಲಿ ಅಲ್ಲಿನ ರಾಜ್ಯ ಸಹಕಾರಿ ಬ್ಯಾಂಕು 2022ರಲ್ಲಿ ಪುಣೆಯ ಯೆರವಡಾ ಕಾರಾಗೃಹದಿಂದ ಆರಂಭಿಸಿ, ಇನ್ನೂ ಒಳಗಿರುವ ಬಂದಿಗಳಿಗೇ ಅವರ ಕೂಲಿಯನ್ನು ನೋಡಿ 50,000 ರೂಪಾಯಿವರೆಗೆ ಶೇಕಡ 7ರ ಬಡ್ಡಿಗೆ ‘ಜಿವ್ಹಾಳಾ’ ಎಂಬ ಹೆಸರಿನ ಸಾಲ ಕೊಡತೊಡಗಿತು. ಮನೆಯವರು ಹೊರಗೆ ಬಡ್ಡಿಗೆ ಸಿಕ್ಕಿಕೊಳ್ಳುವುದನ್ನು ಇದು ತಡೆಯುತ್ತದೆ. ಇಲ್ಲಿಯೂ ಅಂಥ ಯೋಜನೆ ಬರಬೇಕೆಂದು ನಾನು ಮನಸಾರೆ ಬಯಸುತ್ತೇನೆ.

ಆದರೂ ನಿಮಗೆ ನನ್ನ ಸಲಹೆ, ಮೊದಲ ಆರು ತಿಂಗಳು ಬೇರೆಯವರ ಬೇಕರಿಯಲ್ಲಿ ಸಂಬಳಕ್ಕೆ ದುಡಿಯಿರಿ ಎಂಬುದೇ. ಬ್ರೆಡ್ ಸುಡುವುದು ನಿಮಗೆ ಬರುತ್ತದೆ. ಮೈದಾ ಸಾಲಕ್ಕೆ ತರುವುದು, ಉಳಿದ ಬನ್ನನ್ನು ಸಂಜೆ ಏನು ಮಾಡುವುದು, ಕರೆಂಟ್ ಬಿಲ್ಲಿಗೆ ಎಷ್ಟು ತೆಗೆದಿಡುವುದು ಇವು ಒಳಗೆ ನಿಮ್ಮ ತಲೆನೋವಾಗಿರಲಿಲ್ಲ. ಅಷ್ಟರಲ್ಲಿ ನಿಮ್ಮ ಜಿಲ್ಲೆಯ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಗೆ ಹೋಗಿ ವಿಚಾರಿಸಿ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಮಾದರಿಯ ಈ ಸಂಸ್ಥೆಗಳು ಊಟ ವಸತಿಯೊಂದಿಗೆ ಉಚಿತವಾಗಿ ತರಬೇತಿ ಕೊಟ್ಟು, ಬ್ಯಾಂಕ್ ಸಾಲಕ್ಕೂ ದಾರಿ ತೋರಿಸುತ್ತವೆ. ಅಲ್ಲಿನ ಪ್ರಮಾಣಪತ್ರ ನಿಮ್ಮ ಪರವಾಗಿ ಬ್ಯಾಂಕಿನಲ್ಲಿ ಮಾತನಾಡುತ್ತದೆ.

ಹೆಂಡತಿಯ ಸಾಲದ ಲೆಕ್ಕವನ್ನು ಮಾತ್ರ ಇಂದೇ ಕೇಳಿ ತಿಳಿದುಕೊಳ್ಳಿ. ಎರಡೂ ಕಡೆ ವಾರದ ಕಂತು ಎಷ್ಟು, ಇನ್ನೆಷ್ಟು ವಾರ ಬಾಕಿ, ಕಂತು ಕಟ್ಟಲು ಮೂರನೆಯ ಕಡೆ ಕೈಸಾಲ ಮಾಡಿದ್ದಾರೆಯೇ? ನೂರಕ್ಕೆ ತಿಂಗಳಿಗೆ ಐದು ರೂಪಾಯಿ ಎಂದರೆ ವರ್ಷಕ್ಕೆ ಶೇಕಡ 60. ಅಂಥ ಸಾಲವಿದ್ದರೆ ನಿಮ್ಮ ಕೂಲಿಯ ಹಣದಿಂದ ಮೊದಲು ತೀರಿಸಬೇಕಾದದ್ದು ಅದನ್ನೇ. ಕಿರುಸಾಲಗಳ ಎಲ್ಲ ಕಂತುಗಳೂ ಸೇರಿ ಮನೆಯ ತಿಂಗಳ ಆದಾಯದ ಅರ್ಧವನ್ನು ಮೀರಬಾರದೆಂದು 2022ರಿಂದ ರಿಸರ್ವ್ ಬ್ಯಾಂಕಿನ ನಿಯಮವಿದೆ. ವಸೂಲಿಗೆ ಬಂದವರು ಬೆದರಿಸಿದರೆ, ಬಲವಂತದ ವಸೂಲಿಯನ್ನು ತಡೆಯಲು ಕರ್ನಾಟಕ 2025ರಲ್ಲಿ ತಂದ ಕಾನೂನಿನಡಿ ಪೊಲೀಸರಿಗೆ ದೂರು ಕೊಡಬಹುದು ಎಂಬುದನ್ನು ನಿಮ್ಮ ಹೆಂಡತಿಗೆ ತಿಳಿಸಿ. ಇಷ್ಟು ವರ್ಷ ಆ ಮನೆಯನ್ನು ಒಬ್ಬಂಟಿಯಾಗಿ ನಡೆಸಿದವರು ಅವರು. ಬೇಕರಿಯ ಮಾತನ್ನು ಅವರ ಮುಂದಿಡುವ ಮೊದಲು ಅವರ ಲೆಕ್ಕವನ್ನು ಪೂರ್ತಿಯಾಗಿ ಕೇಳಿ, ಮುಂದಿನ ಸಂದರ್ಶನಕ್ಕೆ ಬರುವಾಗ ಎರಡೂ ಸಂಘಗಳ ಪಾಸ್‌ಪುಸ್ತಕದ ಬಾಕಿಯನ್ನು ಒಂದು ಚೀಟಿಯಲ್ಲಿ ಬರೆದು ತರಲು ಹೇಳಿ.